ಒಂದೇ ಕಣ್ಣಿಗೆ ಬಡಿದ ಘಾಟು

ಬ್ಯಾಡಗಿಯಲ್ಲಿ ಕಣ್ಣಲ್ಲಿ ನೀರು ಬಂದರೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ, ಮಾರುಕಟ್ಟೆ ಕಡೆಯಿಂದ ಗಾಳಿ ಬೀಸಿದಾಗೆಲ್ಲ ಊರಿಗೆ ಊರೇ ಸೀನುತ್ತದೆ. ಬಸ್ಸಿಳಿದ ಹೊಸಬರು ಮೂಗಿಗೆ ಟವೆಲ್ ಒತ್ತಿಕೊಂಡು ಓಡುತ್ತಾರೆ, ನಾವು ನೋಡಿ ನಗುತ್ತೇವೆ. ಖಾರ ಕಡಿಮೆ, ಬಣ್ಣ ಜಾಸ್ತಿ ಎನ್ನುವುದು ನಮ್ಮ ಕಾಯಿಯ ಖ್ಯಾತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆದರೆ ಚೀಲ ಸುರಿಯುವಾಗ ಏಳುವ ಧೂಳಿಗೆ ಈ ಖ್ಯಾತಿಯ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹಾಗಾಗಿ ನನ್ನ ಐವತ್ತಾರನೇ ವಯಸ್ಸಿನಲ್ಲಿ ಎಡಗಣ್ಣು ಸೋರಲು ಶುರುವಾದಾಗ ಮನೆಯವರು, ಓಣಿಯವರು, ಶಾಲೆಯವರು ಎಲ್ಲರೂ ಹೇಳಿದ್ದು ಒಂದೇ ಮಾತು: ಘಾಟು. ನಾನೂ ಒಪ್ಪಿಕೊಂಡೆ. ಸುಗ್ಗಿ ಮುಗಿಯಿತು, ಮಳೆಗಾಲ ಬಂತು, ಮಾರುಕಟ್ಟೆ ತಣ್ಣಗಾಯಿತು. ಕಣ್ಣು ಮಾತ್ರ ಸೋರುತ್ತಲೇ ಇತ್ತು. ಆಗ ಕಾರಣ ಬದಲಾಯಿತು. ವಯಸ್ಸಾಯಿತಲ್ಲ ಅಂದರು. ಆಮೇಲೆ ಉಳ್ಳಾಗಡ್ಡಿ ಅಂದರು, ಆಮೇಲೆ ಮೊಬೈಲು ಅಂದರು. ಮಗಳ ಮದುವೆಯಾದ ವರ್ಷವಂತೂ ಕಾರಣ ಹುಡುಕುವ ಕಷ್ಟವೇ ಯಾರಿಗೂ ಬೀಳಲಿಲ್ಲ.

ನಾಲ್ಕು ವರ್ಷ ಹೀಗೇ ಹೋಯಿತು. ಸೆರಗಿನ ತುದಿ ಸದಾ ಒದ್ದೆ. ಕನ್ನಡಕದ ಎಡಗಾಜಿನ ಒಳಗೆ ಉಪ್ಪಿನ ಕಲೆ. ಬೋರ್ಡಿನ ಮೇಲೆ ಬರೆದು ಮಕ್ಕಳ ಕಡೆ ತಿರುಗುವಷ್ಟರಲ್ಲಿ ನೀರು ಕೆನ್ನೆ ಇಳಿದು ಗದ್ದಕ್ಕೆ ಬಂದಿರುತ್ತಿತ್ತು. ಒಂದು ದಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ಪೀರಿಯಡ್ ಮುಗಿದ ಮೇಲೆ ಮೆಲ್ಲಗೆ ಹತ್ತಿರ ಬಂದು, "ಅಕ್ಕೋರ, ಮನ್ಯಾಗ ಯಾರರ ಏನರ ಅಂದಾರೇನ್ರಿ?" ಎಂದು ಕೇಳಿದಳು. ಪಾಪ, ನನ್ನ ಯಜಮಾನರು ಜೋರಾಗಿ ಮಾತಾಡಿದ್ದನ್ನೇ ನಾನು ಕೇಳಿಲ್ಲ. ಸಾವಾದ ಮನೆಗೆ ಹೋದಾಗ ಮಾತ್ರ ಈ ಕಣ್ಣಿನಿಂದ ನನಗೆ ಒಳ್ಳೆಯ ಹೆಸರು ಬರುತ್ತಿತ್ತು.

ಆ ನಾಲ್ಕು ವರ್ಷದಲ್ಲಿ ನಾನೂ ಸೇರಿದಂತೆ ಒಬ್ಬರೂ ಕೇಳದೇ ಹೋದ ಪ್ರಶ್ನೆಯೊಂದಿದೆ. ಘಾಟೇ ಆಗಿದ್ದರೆ ಬಲಗಣ್ಣು ಯಾಕೆ ಸುಮ್ಮನಿದೆ? ಮೆಣಸಿನಕಾಯಿ ಧೂಳು ಎಡಗಣ್ಣನ್ನೇ ಹುಡುಕಿಕೊಂಡು ಬರುವುದಿಲ್ಲ. ಎಡಗಣ್ಣಿಗೆ ಎಷ್ಟು ವಯಸ್ಸೋ ಬಲಗಣ್ಣಿಗೂ ಅಷ್ಟೇ. ಮಗಳು ಗಂಡನ ಮನೆಗೆ ಹೋದ ಸಂಕಟ ಒಂದು ಕಣ್ಣಿಗಾಗಿ ಇನ್ನೊಂದಕ್ಕೆ ಆಗದೆ ಇರುತ್ತದೆಯೇ? ಕಣ್ಣೀರಿಗೆ ಅರ್ಥ ಹಚ್ಚುವ ಚಾಳಿ ನಮಗೆ ಎಷ್ಟಿದೆಯೆಂದರೆ, ಆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು ಎಂಬ ಸಾದಾ ಲೆಕ್ಕ ಮರೆತೇ ಹೋಗಿದೆ. ಹೆಂಗಸಿನ ಕಣ್ಣಾದರೆ ಮುಗಿದೇ ಹೋಯಿತು.

ನನ್ನ ತಪ್ಪು ಇನ್ನೂ ದೊಡ್ಡದು, ಯಾಕೆಂದರೆ ನಾನು ವಿಜ್ಞಾನದ ಶಿಕ್ಷಕಿ. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದಿದ್ದೇನೆ. ಕಾರ್ನಿಯಾ, ಪಾಪೆ, ಮಸೂರ, ಅಕ್ಷಿಪಟಲ. ಎಡಗಡೆಯಿಂದ ಬರುವ ಬೆಳಕಿನ ಕಿರಣ, ಹಿಂದೆ ತಲೆಕೆಳಗಾಗಿ ಬೀಳುವ ಮರ. ಕಣ್ಣುಮುಚ್ಚಿ ಬರೆಯಬಲ್ಲೆ. ಆ ಚಿತ್ರದಲ್ಲಿ ಕಣ್ಣೀರು ಹರಿದು ಹೋಗುವ ತೂತನ್ನು ಮಾತ್ರ ಒಂದು ದಿನವೂ ಬರೆಯಲಿಲ್ಲ. ಪಠ್ಯಪುಸ್ತಕದ ಚಿತ್ರದಲ್ಲಿ ಅದಿರಲಿಲ್ಲ, ಪರೀಕ್ಷೆಗೆ ಬರುತ್ತಿರಲಿಲ್ಲ.

ನೋಡಬೇಕೆಂದರೆ ಈಗಲೇ ಕನ್ನಡಿಯ ಮುಂದೆ ನಿಲ್ಲಿ. ಕೆಳರೆಪ್ಪೆಯನ್ನು ಬೆರಳಿಂದ ಸ್ವಲ್ಪ ಹೊರಕ್ಕೆ ಜಗ್ಗಿ. ಮೂಗಿನ ಕಡೆಯ ಮೂಲೆಗೆ ಇನ್ನೇನು ತಲುಪಬೇಕು ಎನ್ನುವಲ್ಲಿ ರೆಪ್ಪೆಯ ಅಂಚಿನ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಒಂದು ಚುಕ್ಕೆ ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಅಂಥದ್ದೇ ಒಂದಿದೆ. ಹುಬ್ಬಿನ ಹೊರತುದಿಯ ಕೆಳಗೆ, ಮೂಳೆಯ ಮರೆಯಲ್ಲಿ ಕುಳಿತ ಗ್ರಂಥಿಯಿಂದ ಬರುವ ನೀರನ್ನು ರೆಪ್ಪೆಗಳು ಕಣ್ಣಿನ ತುಂಬ ಸವರುತ್ತವೆ. ಬಳಸಿ ಉಳಿದದ್ದು ಈ ಎರಡು ತೂತುಗಳ ಮೂಲಕ ಸಣ್ಣ ಕೊಳವೆಗಳಿಗೆ, ಅಲ್ಲಿಂದ ಮೂಗಿನ ಪಕ್ಕದ ಒಂದು ಪುಟ್ಟ ಚೀಲಕ್ಕೆ, ಅಲ್ಲಿಂದ ಮೂಳೆಯೊಳಗಿನ ನಾಳದಲ್ಲಿ ಇಳಿದು ಮೂಗಿಗೆ ಹೋಗುತ್ತದೆ. ಅತ್ತಾಗ ಮೂಗು ಸುರಿಯುವುದು, ಕಣ್ಣಿಗೆ ಔಷಧಿ ಬಿಟ್ಟರೆ ಗಂಟಲಲ್ಲಿ ಕಹಿಯಾಗುವುದು ಈ ದಾರಿಯಿಂದಲೇ. ಇಳಿಜಾರು ಇದೆಯೆಂದು ನೀರು ತಾನಾಗಿ ಹೋಗುವುದಲ್ಲ. ಪ್ರತಿ ಸಲ ರೆಪ್ಪೆ ಬಡಿದಾಗ ಅಲ್ಲಿನ ಸ್ನಾಯು ಹಿಂಡಿ, ಬಿಟ್ಟು, ನೀರನ್ನು ಒಳಗೆಳೆದುಕೊಳ್ಳುತ್ತದೆ. ಕೈಪಂಪೇ.

ಅಂದ ಮೇಲೆ ಕಣ್ಣು ಸೋರುವುದಕ್ಕೆ ಎರಡೇ ಕಾರಣ ಇರಲು ಸಾಧ್ಯ. ನೀರು ಜಾಸ್ತಿ ಬರುತ್ತಿರಬೇಕು, ಇಲ್ಲವೇ ಹೋಗಬೇಕಾದ ದಾರಿ ಕಟ್ಟಿರಬೇಕು. ಹಿತ್ತಲಲ್ಲಿ ನೀರು ನಿಂತರೆ ನಾವು ಮಾಡುವ ಮೊದಲ ವಿಚಾರವೇ ಇದು: ನಲ್ಲಿ ಬಿಟ್ಟು ಬಂದಿದ್ದೇವೋ, ಮೋರಿ ಕಟ್ಟಿದೆಯೋ? ಕಣ್ಣಿನ ವಿಷಯದಲ್ಲಿ ಈ ವಿಚಾರ ಮಾಡದೆ ಮೆಡಿಕಲ್ ಶಾಪಿಗೆ ಹೋಗುತ್ತೇವೆ.

ನಾನೂ ಹೋದೆ. "ಕಣ್ಣಾಗ ನೀರು ಬರ್ತಾವು, ಒಂದು ಡ್ರಾಪ್ಸ್ ಕೊಡಪಾ" ಅಂದೆ, ಅವನು ಕೊಟ್ಟ. ಯಾವ ಕಣ್ಣು ಅಂತ ಕೇಳಲಿಲ್ಲ; ಕೇಳುವುದು ಅವನ ಕೆಲಸವೂ ಅಲ್ಲ. ಬಿಟ್ಟ ಒಂದು ತಾಸಿನಲ್ಲೇ ಕಣ್ಣು ತಿಳಿಯಾಯಿತು, ಕೆಂಪು ಹೋಯಿತು. ಎಂಥ ಒಳ್ಳೆಯ ಔಷಧಿ ಅಂದುಕೊಂಡೆ. ಮುಂದಿನ ಎರಡು ವರ್ಷ, ಬಿಟ್ಟೂ ಬಿಟ್ಟೂ, ಅದೇ ಬಾಟಲಿ. ಅದರಲ್ಲಿ ಸ್ಟಿರಾಯ್ಡ್ ಇದೆ ಎಂದು ಗೊತ್ತಾದದ್ದು, ಕೊನೆಗೊಮ್ಮೆ ಕಣ್ಣಿನ ಡಾಕ್ಟರು ಬಾಟಲಿಯನ್ನು ಕೈಗೆ ತಗೊಂಡು ನನ್ನ ಮುಖ ನೋಡಿದಾಗ. ಕಣ್ಣಿನ ಒತ್ತಡ ಅಳೆದರು. ಸಾಮಾನ್ಯವಾಗಿ 21ರ ಒಳಗೆ ಇರಬೇಕಾದದ್ದು 26 ಇತ್ತು. ಬಿಡುವುದನ್ನು ನಿಲ್ಲಿಸಿದ ಮೇಲೆ ಕೆಲವು ವಾರಗಳಲ್ಲಿ ಇಳಿಯಿತು, ನನ್ನ ಪುಣ್ಯ. ಎಲ್ಲರಿಗೂ ಇಳಿಯುವುದಿಲ್ಲ. ಸ್ಟಿರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಬಿಟ್ಟುಕೊಂಡರೆ ಕೆಲವರಲ್ಲಿ ಒತ್ತಡ ಏರಿ ಗ್ಲುಕೋಮಾ ಬರುತ್ತದೆ, ಪೊರೆಯೂ ಬೇಗ ಕಟ್ಟುತ್ತದೆ. ಗ್ಲುಕೋಮಾದಿಂದ ಹೋದ ದೃಷ್ಟಿ ವಾಪಸು ಬರುವುದಿಲ್ಲ. ವೈದ್ಯರ ಚೀಟಿ ಇಲ್ಲದೆ ಈ ಹನಿಯನ್ನು ಮಾರಬಾರದು ಎಂದು ಕಾನೂನೇ ಇದೆ. ನಮ್ಮ ಕಡೆ ಅದನ್ನು ಕೊತ್ತಂಬರಿ ಸೊಪ್ಪಿನಷ್ಟು ಸಲೀಸಾಗಿ ತರಬಹುದು.

ಮನೆಮದ್ದಿನವರು ಇದನ್ನು ಓದಿ ಹಿಗ್ಗುವುದು ಬೇಡ. ನಂದಿಬಟ್ಟಲ ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ, ಬಾಣಂತಿಯ ಹಾಲು, ಎಲ್ಲವನ್ನೂ ನನಗೆ ಯಾರಾದರೊಬ್ಬರು ಸೂಚಿಸಿದ್ದಾರೆ. ಎಕ್ಕದ ಹಾಲನ್ನು ಹುಬ್ಬಿಗೆ ಹಚ್ಚಲು ಹೇಳಿದ ಪುಣ್ಯಾತ್ಮರೂ ಇದ್ದರು. ಅದು ಜಾರಿ ಕಣ್ಣಿಗೆ ಬಿದ್ದರೆ ಕಾರ್ನಿಯಾ ಊದಿ ಮಬ್ಬಾಗುತ್ತದೆ. ಹಳೆಯದೆಲ್ಲ ದಡ್ಡತನ ಅಂತ ನಾನು ಹೇಳುತ್ತಿಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಕಣ್ಣಿನ ಸಂಧಿಗೆ ಬರುವ ರೋಗಗಳನ್ನೇ ಬೇರೆ ಮಾಡಿ ಎಣಿಸಿದ್ದಾರೆ. ಅದರಲ್ಲಿ ಮೂಲೆ ಊದಿ ಕೀವು ಬರುವ ಪೂಯಾಲಸ ಒಂದು, ಸೋರುವ ಸ್ರಾವಗಳು ನಾಲ್ಕು ಬಗೆ. ಅಷ್ಟು ಹಿಂದೆಯೇ ಕಣ್ಣೀರನ್ನು ವಿಂಗಡಿಸಿ ನೋಡಿದವರಿದ್ದರು. ಎಲ್ಲ ಸೋರುವಿಕೆಗೂ ಒಂದೇ ಹನಿ ಎನ್ನುವ ಪದ್ಧತಿ ನಮ್ಮ ಕಾಲದ್ದು.

ನನ್ನ ಕಣ್ಣಿನ ಗುಟ್ಟು ರಟ್ಟಾದದ್ದು ಪೊರೆಯ ದೆಸೆಯಿಂದ. ನಿವೃತ್ತಿಯಾದ ವರ್ಷ ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ ಅಂದರು, ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಹಿಂದಿನ ದಿನ ಬೆಳಿಗ್ಗೆ ನಮ್ಮನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟರು. ಎಳೆಯ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಕೈಯಲ್ಲಿ ಸಿರಿಂಜ್ ಹಿಡಿದು ಬಂದಳು. ಸೂಜಿ ನೋಡಿ ಪಕ್ಕದ ಅಜ್ಜಿ ದೇವರ ಹೆಸರು ಹೇಳತೊಡಗಿದಳು. ಚುಚ್ಚುವ ಸೂಜಿಯಲ್ಲ ಅದು, ಮೊಂಡು ತುದಿಯ ಸಪೂರ ಕೊಳವೆ. ಕೆಳರೆಪ್ಪೆಯ ಆ ಚುಕ್ಕೆಯನ್ನು ಮೊದಲು ಒಂದು ಕಡ್ಡಿಯಂಥದ್ದರಿಂದ ಸ್ವಲ್ಪ ಅಗಲ ಮಾಡಿ, ಕೊಳವೆಯ ತುದಿ ಅದರೊಳಗಿಟ್ಟು, ಉಪ್ಪುನೀರನ್ನು ಮೆಲ್ಲಗೆ ಒತ್ತಿದಳು. ಬಲಗಣ್ಣು ಮೊದಲು.

"ಗಂಟಲಾಗ ಉಪ್ಪುಪ್ಪು ಬಂತೇನ್ರಿ ಅಕ್ಕೋರ?"

ಬಂತು. ಗುಟುಕರಿಸಿದೆ.

ಆಮೇಲೆ ಎಡಗಣ್ಣು. ಒತ್ತಿದಳು. ಗಂಟಲಿಗೆ ಏನೂ ಬರಲಿಲ್ಲ. ಕೆಳಗಿನ ತೂತಿನಲ್ಲಿ ಹೋದ ನೀರು ಮೇಲಿನ ತೂತಿನಿಂದ ಚಿಮ್ಮಿ ಹುಬ್ಬಿನವರೆಗೆ ಬಂತು. ಇನ್ನೊಮ್ಮೆ ಒತ್ತಿದಾಗ ನೀರಿನ ಜೊತೆ ಗಂಜಿಯಂಥ ಬಿಳಿಯದು. ಅವಳು ಸಿರಿಂಜ್ ಪಕ್ಕಕ್ಕಿಟ್ಟು, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಒತ್ತಿ, ಹೊರಬಂದದ್ದನ್ನು ಹತ್ತಿಗೆ ಹಚ್ಚಿ ನನಗೇ ತೋರಿಸಿದಳು. ದಿನಾ ಬೆಳಿಗ್ಗೆ ಮುಖ ತೊಳೆಯುವಾಗ ನಾನು ಗೀಜು ಅಂತ ಒರೆಸಿ ಬಿಸಾಡುತ್ತಿದ್ದದ್ದು ಅದೇ. ನಿದ್ದೆಯ ಗೀಜಲ್ಲ, ಚೀಲದಲ್ಲಿ ನಿಂತು ಕೊಳೆತ ಕಣ್ಣೀರು. ಇಷ್ಟೆಲ್ಲ ಆಗಿದ್ದು ಐದೇ ನಿಮಿಷದಲ್ಲಿ. ನಾಲ್ಕು ವರ್ಷ ಯಾರಿಗೂ ಗೊತ್ತಾಗದ್ದು ಒಂದು ಸಿರಿಂಜಿಗೆ, ಒಂದಿಷ್ಟು ಉಪ್ಪುನೀರಿಗೆ ಗೊತ್ತಾಯಿತು.

ಪೊರೆಯ ಆಪರೇಷನ್ ಮುಂದಕ್ಕೆ ಹೋಯಿತು. ಮೂಗಿನ ಪಕ್ಕದಲ್ಲಿ ಸೋಂಕಿನ ಮಡಕೆ ಇಟ್ಟುಕೊಂಡು ಕಣ್ಣು ಕೊಯ್ದರೆ ಆ ಕ್ರಿಮಿ ಕಣ್ಣಿನ ಒಳಕ್ಕೇ ಇಳಿಯಬಹುದು. ಇಳಿದರೆ ಕಣ್ಣೇ ಹೋಗಬಹುದು. ಅವತ್ತು ನನ್ನ ಹಾಗೆ ಪಕ್ಕಕ್ಕೆ ಕೂರಿಸಿದವರು ಮೂವರು, ಮೂವರೂ ಹೆಂಗಸರು. ಇದು ಆಕಸ್ಮಿಕವೂ ಅಲ್ಲ. ಹೆಂಗಸರಲ್ಲಿ ಆ ಮೂಳೆಯ ನಾಳ ಸ್ವಲ್ಪ ಇಕ್ಕಟ್ಟು, ನಡುವಯಸ್ಸು ದಾಟಿದ ಮೇಲೆ ಅದು ಕಟ್ಟಿಕೊಳ್ಳುವುದೂ ಅವರಲ್ಲೇ ಹೆಚ್ಚು. ಮೂವರಲ್ಲಿ ಒಬ್ಬಾಕೆಗೆ ಏಳು ವರ್ಷದಿಂದ ಸೋರುತ್ತಿತ್ತಂತೆ. "ಒಲಿ ಹೊಗಿ ಅಂದಿದ್ರರಿ" ಅಂದಳು. ಮನೆಗೆ ಗ್ಯಾಸ್ ಬಂದು ಎಷ್ಟು ವರ್ಷವಾಯಿತು ಅಂತ ಕೇಳಿದೆ. ಬೆರಳು ಮಡಚಿ ಎಣಿಸಿ, ಆರು ಅಂದಳು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೊದಲು ನಾಳದ ಆಪರೇಷನ್, ಆಮೇಲೆ ಪೊರೆ ಎಂದು ಅವಳಿಗೂ ಚೀಟಿ ಬರೆದು ಕೊಟ್ಟರು. ಆಕೆ ಚೀಟಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡು ಹೋದವಳು ನಾನು ದಾಖಲಾದ ದಿನ ಬರಲಿಲ್ಲ. ಆಮೇಲೂ ಕಾಣಲಿಲ್ಲ.

ನನಗೆ ಮಾಡಿದ ಆಪರೇಷನ್ನಿಗೆ ಡಿಸಿಆರ್ ಎನ್ನುತ್ತಾರೆ. 1904ರಲ್ಲಿ ಇಟಲಿಯ ಫ್ಲಾರೆನ್ಸಿನ ತೋತಿ ಎಂಬ ವೈದ್ಯ ತೋರಿಸಿದ ದಾರಿ ಇದು. ವಿವರ ಬದಲಾಗಿದೆ, ಮೂಲ ಉಪಾಯ ಹಾಗೇ ಉಳಿದಿದೆ. ಕಟ್ಟಿದ ಹಳೆಯ ನಾಳವನ್ನು ಅಲ್ಲಿಗೇ ಬಿಟ್ಟು, ಕಣ್ಣೀರಿನ ಚೀಲಕ್ಕೂ ಮೂಗಿಗೂ ನಡುವೆ ಇರುವ ತೆಳ್ಳನೆಯ ಮೂಳೆಯಲ್ಲಿ ಕಿಂಡಿ ತೆಗೆದು, ಚೀಲವನ್ನು ನೇರವಾಗಿ ಮೂಗಿನೊಳಕ್ಕೆ ತೆರೆಯುವುದು. ಮೂಗಿನ ಒಳಗಿಂದಲೇ ದುರ್ಬೀನು ಹಾಕಿ, ಹೊರಗೆ ಗಾಯವಿಲ್ಲದೆ ಮಾಡುವ ವಿಧಾನವೂ ಇದೆ. ನಾನು ಹೊರಗಿನಿಂದ ಮಾಡಿಸಿಕೊಂಡೆ. ಅಲ್ಲಿ ಮಾತ್ರ ಮರಗಟ್ಟಿಸಿ, ಸ್ವಲ್ಪ ಮಂಪರು ಬರಿಸಿದ್ದರು. ನೋವಾಗಲಿಲ್ಲ, ಆದರೆ ಸದ್ದು ಕೇಳುತ್ತದೆ. ಮೂಳೆಯನ್ನು ಚೂರು ಚೂರಾಗಿ ಕಡಿದು ತೆಗೆಯುವ ಸದ್ದು, ಥೇಟ್ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿದ ಹಾಗೆ. ನಮ್ಮ ಅಜ್ಜಿ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಳೆ ಅಂತ ಅಂದುಕೊಂಡು ಮಲಗಿದ್ದೆ. ಮುಕ್ಕಾಲು ತಾಸಿನ ಮೇಲೆ ಸ್ವಲ್ಪ ಆಗಿರಬೇಕು.

ಮೂಗಿಗೆ ತುರುಕಿದ ಬಟ್ಟೆ ಮಾರನೆಯ ದಿನ ತೆಗೆದರು. ಒಂದು ವಾರ ಮೂಗು ಸೀಟಬಾರದು, ಬಿಸಿ ಬಿಸಿ ಕುಡಿಯಬಾರದು ಅಂದರು. ಚಹಾ ಆರಿಸಿ ಕುಡಿಯುವುದೇ ಇಡೀ ಚಿಕಿತ್ಸೆಯಲ್ಲಿ ನನಗೆ ಕಷ್ಟವಾದ ಭಾಗ. ಕಿಂಡಿ ಮುಚ್ಚದಿರಲಿ ಎಂದು ಇಟ್ಟ ಸಿಲಿಕಾನ್ ಎಳೆ ಕೆಲವು ವಾರ ಕಣ್ಣಿನ ಮೂಲೆಯಲ್ಲಿ ಕಾಣುತ್ತಿತ್ತು, ಆಮೇಲೆ ಅದನ್ನೂ ಎಳೆದು ತೆಗೆದರು. ಈ ಆಪರೇಷನ್ ಹತ್ತರಲ್ಲಿ ಒಂಬತ್ತು ಜನಕ್ಕೆ ಫಲ ಕೊಡುತ್ತದೆ. ಗಾಯದ ಗೆರೆ ಕನ್ನಡಕದ ಮೂಗುತಾಳಿನ ಕೆಳಗೆ ಮುಚ್ಚಿಹೋಗಿದೆ. ಒಂದು ವಿಚಿತ್ರ ಮಾತ್ರ ಉಳಿದಿದೆ: ಈಗ ಜೋರಾಗಿ ಮೂಗು ಸೀಟಿದರೆ ಎಡಗಣ್ಣಿನ ಮೂಲೆಯಿಂದ ಪುಸ್ ಎಂದು ಗಾಳಿ ಬರುತ್ತದೆ. ಮೊಮ್ಮಗನಿಗೆ ಇದಕ್ಕಿಂತ ದೊಡ್ಡ ಸರ್ಕಸ್ ಇಲ್ಲ. ಗೆಳೆಯರನ್ನು ಕರೆತಂದು ತೋರಿಸುತ್ತಾನೆ.

ಪೊರೆಯ ಎರಡೂ ಆಪರೇಷನ್ ಆಮೇಲೆ ಆದವು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಎಲ್ಲರಿಗೂ ಆದ ಹಾಗೇ ಆಯಿತು.

ಇದನ್ನು ಓದಿ ಕಣ್ಣು ಸೋರುವವರೆಲ್ಲ ಮೂಳೆ ಕಡಿಸಿಕೊಳ್ಳಲು ಓಡಬೇಕಿಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ದುಡಿಯುವ ನನ್ನ ತಮ್ಮನ ಮಗನಿಗೆ ಎರಡೂ ಕಣ್ಣು ಸೋರುತ್ತವೆ, ಅದರಲ್ಲೂ ಬೈಕಿನ ಮೇಲೆ ಹೋಗುವಾಗ, ಎಸಿ ಕೆಳಗೆ ಕೂತಾಗ. ಡಾಕ್ಟರು ಅವನಿಗೆ 'ಕಣ್ಣು ಒಣಗಿದೆ' ಅಂದರಂತೆ. ನಮ್ಮವ್ವನಿಗೆ ಇದು ತಲೆಗೇ ಹೋಗಲಿಲ್ಲ. "ಬಕೀಟಗಟ್ಲೆ ನೀರು ಸುರೀತೈತಿ, ಒಣಗೇತಿ ಅಂತಾನ. ಅವನ ಕಣ್ಣು ಮೊದಲ ತೋರಿಸಿಕೊಳ್ಳಲಿ" ಅಂದಳು.

ನಾನು ಅವ್ವನಿಗೆ ಹೊಲದ ಲೆಕ್ಕದಲ್ಲಿ ಹೇಳಿದೆ. ಕಣ್ಣಿಗೆ ಬೇಕಾದದ್ದು ಹದ ಮಳೆ, ಸಣ್ಣಗೆ, ಸದಾ. ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಗ್ರಂಥಿಗಳು ಎಣ್ಣೆಯ ಜಿಡ್ಡು ಬಿಡುತ್ತವೆ. ಆ ಜಿಡ್ಡು ಮೇಲೆ ಹರಡಿದ್ದರೆ ನೀರು ಆರುವುದಿಲ್ಲ. ಜಿಡ್ಡು ಗಟ್ಟಿಯಾಗಿ ಹೊರಗೆ ಬರದಿದ್ದರೆ, ಅಥವಾ ಪರದೆ ನೋಡುತ್ತಾ ರೆಪ್ಪೆ ಬಡಿಯುವುದನ್ನೇ ಮರೆತರೆ, ಕಣ್ಣಿನ ಮೇಲ್ಮೈ ಒಣಗಿ ಉರಿಯುತ್ತದೆ. ಉರಿ ತಡೆಯಲಾರದೆ ದೊಡ್ಡ ಗ್ರಂಥಿ ಒಮ್ಮೆಲೇ ಸುರಿಸುತ್ತದೆ. ಅಡ್ಡಮಳೆ. ನೆಲ ಹೀರುವುದಿಲ್ಲ, ಬದು ಒಡೆದು ಹೋಗುತ್ತದೆ, ನಾಳೆ ಮತ್ತೆ ಬಿರುಕು. ಅವ್ವ ಒಪ್ಪಿದಳು, ಆದರೆ ಡಾಕ್ಟರು ಇದನ್ನೇ ಹೇಳಬಹುದಿತ್ತಲ್ಲ ಎಂಬ ಅವಳ ತಕರಾರಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಹುಡುಗನಿಗೆ ಹೇಳಿದ ಚಿಕಿತ್ಸೆಯಲ್ಲಿ ದುಬಾರಿಯದೇನಿಲ್ಲ: ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಐದು ಹತ್ತು ನಿಮಿಷ ಇಡುವುದು, ಆಮೇಲೆ ರೆಪ್ಪೆಯನ್ನು ಅಂಚಿನ ಕಡೆಗೆ ಮೆಲ್ಲಗೆ ತೀಡುವುದು, ಕಣ್ಣೀರಿನಂಥದ್ದೇ ಹನಿ, ಫ್ಯಾನು ಮುಖಕ್ಕೆ ನೇರ ಬಡಿಯದ ಹಾಗೆ ಕೂರುವುದು. ಹನಿ ಬಿಡುವುದಾದರೆ ಒಂದೇ ಸಾಕು. ಬಾಟಲಿಯಿಂದ ಬೀಳುವ ಒಂದು ಹನಿಯೇ ಕಣ್ಣು ಹಿಡಿದಿಟ್ಟುಕೊಳ್ಳುವುದಕ್ಕಿಂತ ದೊಡ್ಡದು. ಎರಡನೆಯದು ಕೆನ್ನೆಗೆ ಹೋಗುತ್ತದೆ.

ಎದುರು ಮನೆಯಾಕೆಯದು ಮತ್ತೊಂದು ಕಥೆ. ಆಕೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಕಿಲೋ ಲೆಕ್ಕದ ಕೂಲಿ, ದಿನವಿಡೀ ರಾಶಿಯ ಮುಂದೆ. ಅಂಥವಳ ಕಣ್ಣಲ್ಲಿ ನೀರು ಬಂದರೆ ಘಾಟು ಎನ್ನದೆ ಇನ್ನೇನು ಅನ್ನುವುದು? ನಾನು ನನ್ನ ಹೊಸ ಪಾಂಡಿತ್ಯದಿಂದ, ಯಾವ ಕಣ್ಣು ಅಂತ ಕೇಳಿದೆ. ಎರಡೂ, ಆದರೆ ಬಲಗಡೆ ಜಾಸ್ತಿ, ಮನೆಯಲ್ಲಿ ಕೂತರೂ ಬರುತ್ತದೆ, ಒಳಗೆ ಮರಳು ಬಿದ್ದ ಹಾಗಾಗುತ್ತದೆ ಅಂದಳು. ಬಿಸಿಲಿಗೆ ಕರೆದು ನೋಡಿದೆ. ಕೆಳರೆಪ್ಪೆ ಒಳಗೆ ಮಡಚಿಕೊಂಡು ರೆಪ್ಪೆಗೂದಲು ಕಣ್ಣುಗುಡ್ಡೆಗೆ ಉಜ್ಜುತ್ತಿತ್ತು. ಅವಳಿಗೂ ಗೊತ್ತಿತ್ತು, ತಿಂಗಳಿಗೊಮ್ಮೆ ಗಂಡನಿಂದ ಚಿಮಟಿಗೆಯಲ್ಲಿ ಕೀಳಿಸಿಕೊಳ್ಳುತ್ತಿದ್ದಳು. ಕಿತ್ತ ಕೂದಲು ಮತ್ತೆ ಬರುತ್ತದೆ, ಹೊಸದರ ಮೊನೆ ಇನ್ನೂ ಚೂಪು. ಹಾಗೇ ಬಿಟ್ಟಿದ್ದರೆ ಕಾರ್ನಿಯಾ ಗೀರಿ ಹುಣ್ಣಾಗುತ್ತಿತ್ತು. ರೆಪ್ಪೆಗೆ ಒಂದು ಸಣ್ಣ ಆಪರೇಷನ್ ಆಯಿತು. ವಯಸ್ಸಾದವರಲ್ಲಿ ಇದರ ಉಲ್ಟಾನೂ ಆಗುತ್ತದೆ: ಕೆಳರೆಪ್ಪೆ ಜೋತುಬಿದ್ದು ಆ ಚುಕ್ಕೆ ಕಣ್ಣಿಗೆ ತಾಗದೆ ಹೊರಗೆ ನೋಡುತ್ತದೆ, ನೀರು ತೂತಿನ ಪಕ್ಕದಲ್ಲೇ ಹಾದು ಕೆಳಗಿಳಿಯುತ್ತದೆ. ಆ ಮುದುಕರು ಕಣ್ಣೊರೆಸಲು ರೆಪ್ಪೆಯನ್ನು ಕೆಳಕ್ಕೆ ಜಗ್ಗಿ ಜಗ್ಗಿ ಇನ್ನಷ್ಟು ಸಡಿಲ ಮಾಡಿಕೊಳ್ಳುತ್ತಾರೆ. ಒರೆಸುವುದಾದರೆ ಹೊರಗಿನಿಂದ ಮೂಗಿನ ಕಡೆಗೆ, ಮೆಲ್ಲಗೆ ಒತ್ತಿ ಒರೆಸಿ.

ಕೂಸುಗಳ ವಿಷಯ ಹೇಳದಿದ್ದರೆ ನಮ್ಮ ಮನೆಯ ಬಾಣಂತಿ ಬಿಡುವುದಿಲ್ಲ. ಮೊಮ್ಮಗಳು ಹುಟ್ಟಿದ ಮೂರನೇ ವಾರಕ್ಕೆ ಬಲಗಣ್ಣು ಸೋರಿ, ಬೆಳಗಾದರೆ ರೆಪ್ಪೆ ಅಂಟಿಕೊಳ್ಳುತ್ತಿತ್ತು. ದೃಷ್ಟಿ ತಾಗಿದೆ ಅಂದರು, ಕಾಡಿಗೆ ತರಲು ಹೋದರು. ನಾಳದ ಕೆಳತುದಿಯಲ್ಲಿ ಒಂದು ತೆಳು ಪೊರೆ ಹರಿಯದೆ ಉಳಿದಿರುತ್ತದೆ, ಅಷ್ಟೇ. ಉಗುರು ತೆಗೆದ, ತೊಳೆದ ಕಿರುಬೆರಳನ್ನು ಕಣ್ಣಿನ ಮೂಲೆಗೆ ಇಟ್ಟು ಮೂಗಿನ ಪಕ್ಕಕ್ಕೆ ಕೆಳಮುಖವಾಗಿ ಒತ್ತಿ ತೀಡಲು ಡಾಕ್ಟರು ತೋರಿಸಿಕೊಟ್ಟರು. ದಿನಕ್ಕೆ ನಾಲ್ಕು ಸಲ ಎಣ್ಣೆ ಹಚ್ಚುವಾಗ, ಹಾಲು ಕುಡಿಸುವಾಗ ತೀಡಿದೆವು. ಏಳನೇ ತಿಂಗಳಿಗೆ ನಿಂತಿತು. ಬಹುತೇಕ ಕೂಸುಗಳಿಗೆ ವರ್ಷ ತುಂಬುವುದರೊಳಗೆ ತಾನೇ ತೆರೆದುಕೊಳ್ಳುತ್ತದೆ, ಉಳಿದವರಿಗೆ ಸಣ್ಣ ಸರಿಗೆ ಹಾಯಿಸಿ ತೆರೆಯುತ್ತಾರೆ. ಒಂದು ಎಚ್ಚರ ಮಾತ್ರ ಬೇಕು. ಕಣ್ಣು ಸೋರುವುದರ ಜೊತೆಗೆ ಕೂಸು ಬೆಳಕಿಗೆ ಮುಖ ತಿರುಗಿಸಿದರೆ, ಕಪ್ಪುಗುಡ್ಡೆ ಮಾಮೂಲಿಗಿಂತ ದೊಡ್ಡದಾಗಿ ಮಬ್ಬಾಗಿ ಕಂಡರೆ ಒಂದು ದಿನವೂ ತಡಮಾಡಬಾರದು. ಹುಟ್ಟಿನಿಂದ ಬಂದ ಗ್ಲುಕೋಮಾ ಇರಬಹುದು. 'ಎಷ್ಟು ದೊಡ್ಡ ಕಣ್ಣವ್ವಾ' ಎಂದು ದೃಷ್ಟಿ ನಿವಾಳಿಸುತ್ತಾ ಕೂತರೆ ದೃಷ್ಟಿಯೇ ಹೋಗುತ್ತದೆ. ದೊಡ್ಡವರಲ್ಲೂ ಅಷ್ಟೇ: ನೋವು, ಕೆಂಪು, ಮಂಜು, ಬೆಳಕು ಸಹಿಸಲಾಗದಿರುವುದು, ಮೂಗಿನ ಪಕ್ಕ ಜ್ವರದೊಡನೆ ಬಾವು, ಕಣ್ಣೀರಿನಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಇವತ್ತೇ ಹೋಗಬೇಕು.

ಇಷ್ಟು ಜನರ ಕಣ್ಣು ಇಷ್ಟು ಬೇರೆ ಬೇರೆ ಕಾರಣಕ್ಕೆ ಸೋರುತ್ತಿರುವಾಗ ನಮ್ಮ ವ್ಯವಸ್ಥೆ ಅದನ್ನು ನೋಡುತ್ತಿಲ್ಲವಲ್ಲ, ನನ್ನ ತಕರಾರು ಅದು. ನಮ್ಮ ಸೀಮೆಯಲ್ಲಿ ಕಣ್ಣಿನ ಶಿಬಿರವೆಂದರೆ ಪೊರೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರು ತಿರುಗಿ ಶಿಬಿರ ಮಾಡಿ ಲಕ್ಷಾಂತರ ಬಡವರಿಗೆ ಬೆಳಕು ಕೊಟ್ಟ ಕಾಲದಿಂದಲೂ ನಮ್ಮ ಮನಸ್ಸಿನಲ್ಲಿ ಆ ಚಿತ್ರವೇ ಕೂತಿದೆ. ಅದು ಸಣ್ಣ ಸಾಧನೆಯಲ್ಲ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಪೊರೆಯ ಆಪರೇಷನ್ನುಗಳನ್ನೇ ಮುಖ್ಯವಾಗಿ ಲೆಕ್ಕ ಹಾಕುತ್ತ ಬಂತು, ಮತ್ತು ಸರಿಯಾಗಿಯೇ ಮಾಡಿತು. ಸೋರುವ ಕಣ್ಣು ಸಾಮಾನ್ಯವಾಗಿ ಕುರುಡು ಮಾಡುವುದಿಲ್ಲ. ಅದಕ್ಕೇ ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇಲ್ಲ. ಆಶಾಕಿರಣ ಯೋಜನೆಯಡಿ ಕಣ್ಣಿನ ತಪಾಸಣೆಗೆ ನಮ್ಮ ಓಣಿಗೆ ಬಂದ ಆಶಾ ಕಾರ್ಯಕರ್ತೆ ಅಕ್ಷರ ಕಾಣುತ್ತದೆಯೇ ಅಂತ ಎಲ್ಲರನ್ನೂ ಕೇಳಿದಳು. ನೀರು ಬರುತ್ತದೆಯೇ, ಯಾವ ಕಣ್ಣಲ್ಲಿ ಎಂಬುದು ಅವಳ ಹಾಳೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಎದುರು ಮನೆಯಾಕೆ ಎರಡು ಸುಗ್ಗಿ ಮೊದಲೇ ಸಿಕ್ಕುತ್ತಿದ್ದಳು.

ನನಗೆ ಸಿಟ್ಟು ಬರುವುದು ಇಲ್ಲಿ. ಉಪ್ಪುನೀರು ಒತ್ತಿ ನೋಡುವ ಆ ಪರೀಕ್ಷೆ ಶಿಬಿರಗಳಲ್ಲಿ ಇದ್ದೇ ಇದೆ, ಆದರೆ ಪೊರೆಯ ಆಪರೇಷನ್ನಿಗೆ ಬಾಗಿಲು ಕಾಯುವ ಪರೀಕ್ಷೆಯಾಗಿ. ನಾಳ ತೆರೆದಿದ್ದರೆ ಒಳಗೆ ಬಾ, ಕಟ್ಟಿದ್ದರೆ ಮನೆಗೆ ಹೋಗು. ಪೊರೆ ಇಲ್ಲದೆ ಬರೀ ಸೋರುವ ಕಣ್ಣು ತಗೊಂಡು ಹೋದವಳಿಗೆ ಅದೇ ಸಿರಿಂಜ್ ಹಿಡಿಯುವುದಿಲ್ಲ, ಒಂದು ಹನಿ ಬರೆದು ಕಳಿಸುತ್ತಾರೆ. ಮೊಂಡು ಕೊಳವೆ, ಉಪ್ಪುನೀರು, ಮರಗಟ್ಟಿಸುವ ಹನಿ ಮತ್ತು ಕಲಿತ ಒಂದು ಕೈ, ಇಷ್ಟು ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಸಿಗುವ ಹಾಗೆ ಮಾಡಲು ದೊಡ್ಡ ಬಜೆಟ್ ಬೇಡ. ನಾಳ ಕಟ್ಟಿದವರಿಗೆ ಬರೀ ಚೀಟಿ ಕೊಟ್ಟರೆ ಅದು ಕುಪ್ಪಸದಲ್ಲೇ ಬೆವರಿಗೆ ಕರಗುತ್ತದೆ. ಕೊಟ್ಟವರು ಹೆಸರು ಬರೆದಿಟ್ಟುಕೊಂಡು, ದಿನ ಗೊತ್ತು ಮಾಡಿ, ಕರೆಸಬೇಕು. ಪೊರೆಯವರನ್ನು ಬಸ್ ಕಳಿಸಿ ಕರೆಸುವುದಿಲ್ಲವೇ? ಇನ್ನು ಸ್ಟಿರಾಯ್ಡ್ ಹನಿ ಚೀಟಿ ಇಲ್ಲದೆ ಮಾರುವವರ ವಿಷಯ ಔಷಧ ನಿಯಂತ್ರಕರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಮೊನ್ನೆ ಸುಗ್ಗಿಯಲ್ಲಿ ಮಾರುಕಟ್ಟೆ ದಾಟಿ ಬ್ಯಾಂಕಿಗೆ ಹೋಗಬೇಕಿತ್ತು. ಅವತ್ತು ಆವಕ ಜೋರಿತ್ತು, ಚೀಲಗಳ ಗೋಡೆ ರಸ್ತೆಯವರೆಗೆ ಬಂದಿತ್ತು. ಗೇಟಿನ ಹತ್ತಿರ ಬರುವಷ್ಟರಲ್ಲಿ ಮೂರು ಸೀನು ಬಂತು, ಕಣ್ಣಲ್ಲಿ ನೀರಾಡಿತು. ನಿಂತು, ಕನ್ನಡಕ ತೆಗೆದು, ಒಂದೊಂದೇ ಕೆನ್ನೆ ಮುಟ್ಟಿ ನೋಡಿಕೊಂಡೆ. ಎರಡೂ ಒದ್ದೆ. ಮೂಗಿನ ಎರಡೂ ಹೊಳ್ಳೆ ಸುರಿಯುತ್ತಿದ್ದವು.

ಹಮಾಲರವನು ಒಬ್ಬ, ನನ್ನ ಹಳೆಯ ವಿದ್ಯಾರ್ಥಿಯೇ, ಬೆನ್ನ ಮೇಲಿನ ಚೀಲ ಸಮೇತ ನಿಂತು, "ಯಾಕ್ರಿ ಅಕ್ಕೋರ, ಅಳಾಕತ್ತೀರಲ್ಲ?" ಎಂದ.

"ಘಾಟೋ ಮಾರಾಯಾ, ಘಾಟು" ಅಂದೆ.